ಬಂಗಲೆಯ ಬ್ರೆಡ್ಡು ಉಬ್ಬಿದ ಬಗೆ

ನಮ್ಮ ಹಿತ್ತಿಲಿನ ನೀರಿನ ತೊಟ್ಟಿಯ ಪಕ್ಕದಲ್ಲಿ ಒಂದು ತಗಡಿನ ಅಚ್ಚು ಇದೆ. ಉದ್ದ ಒಂದು ಗೇಣು, ಅಗಲ ಅಂಗೈಯಷ್ಟು, ಎತ್ತರ ನಾಲ್ಕು ಬೆರಳು. ನನ್ನ ಹೆಂಡತಿ ಅದರ ತಳಕ್ಕೆ ಮೊಳೆಯಿಂದ ಮೂರು ತೂತು ಹೊಡೆದು ದೊಡ್ಡಪತ್ರೆ ನೆಟ್ಟಿದ್ದಾಳೆ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಓವರ್‌ಸಿಯರರು ಬೇಲಿಯ ಆಚೆಯಿಂದ ಅದನ್ನು ಬಹಳ ಹೊತ್ತು ನೋಡಿ, ಇಟ್ಟಿಗೆಯ ಅಚ್ಚೇ ಎಂದು ವಿಚಾರಿಸಿದರು. ಹೌದೆಂದಿದ್ದರೆ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ಮೂರು ದಿನ ಆ ಅಚ್ಚಿನಿಂದ ಇಟ್ಟಿಗೆಗಳೇ ಹೊರಬಂದವು, ಮತ್ತು ಅದಕ್ಕೆ ಕಾರಣಪುರುಷನು ನಾನೇ. ಆದರೆ ಬೇಲಿಯ ಆಚೆ ನಿಂತವರಿಗೆ ಅಷ್ಟನ್ನೆಲ್ಲ ವಿವರಿಸಲಾದೀತೇ? ನಿಮಗಾದರೆ ಹೇಳಬಹುದು. ನೀವು ಕುಳಿತಿದ್ದೀರಿ, ನಡುವೆ ಬೇಲಿಯೂ ಇಲ್ಲ.

ಮೊದಲು ನನ್ನ ಪರವಾಗಿ ಎರಡು ಮಾತು. ಹೊಳೆನರಸೀಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶಿವಭಕ್ತರ ಮನೆಯಲ್ಲಿ ಹುಟ್ಟಿದ ನಾನು, ಮೈಸೂರಿನ ಕಾಲೇಜಿಗೆ ಹೋಗಿ ಪದವಿಗಿಂತ ಹೆಚ್ಚಾಗಿ ಚರ್ಚಾಕೂಟದ ಪೀಠವನ್ನು ಸಂಪಾದಿಸಿದೆ. ಹಳ್ಳಿಗಳಿಗೆ ಮೋಟಾರು ಬೇಕೆಂದು ಮಂಗಳವಾರ ಗೆದ್ದು, ಬೇಡವೆಂದು ಶುಕ್ರವಾರ ಗೆದ್ದವನು ನಾನು. ಎರಡೂ ದಿನ ನನ್ನ ಮಾತನ್ನು ನಾನು ಮನಃಪೂರ್ವಕವಾಗಿ ನಂಬಿದ್ದೆ. ಓದು ಮುಗಿದ ಮೇಲೆ ದೇಶವನ್ನು ತಿದ್ದುವುದೆಂದು ನಿಶ್ಚಯಿಸಿ ಖಾದಿ ತೊಟ್ಟು ಊರಿಗೆ ಮರಳಿದರೆ, ದೇಶವು ಅದಕ್ಕಾಗಿ ಕಾದು ಕುಳಿತಿದ್ದಂತೆ ಕಾಣಲಿಲ್ಲ. ಅರಕಲಗೂಡಿನ ಸಂತೆಯಲ್ಲಿ ಕುಡಿತದ ಕೇಡುಗಳನ್ನು ಕುರಿತು ನಾನು ಮಾಡಿದ ಮೊದಲ ಭಾಷಣಕ್ಕೆ ಕಡೆಯವರೆಗೂ ಕದಲದೆ ನಿಂತು ಕಿವಿಗೊಟ್ಟದ್ದು ಮಾರಾಟಕ್ಕೆ ಬಂದಿದ್ದ ಎರಡು ಹೋರಿಗಳು ಮಾತ್ರ. ಅವುಗಳನ್ನು ಗೂಟಕ್ಕೆ ಕಟ್ಟಿದ್ದರು.

ಇಂಥ ಹೊತ್ತಿನಲ್ಲಿ ನನಗೆ ದೊರೆತದ್ದು ಪಾದ್ರಿ ದಂಪತಿಗಳಿಗೆ ಕನ್ನಡ ಕಲಿಸುವ ಕೆಲಸ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಏರಿಯ ಕೆಳಗೆ, ತೆಂಗಿನ ಮರಗಳ ನಡುವೆ ಅವರ ಬಂಗಲೆ. ದೊರೆಗಳು ಎತ್ತಿನ ಗಾಡಿಯಲ್ಲಿ ತಿಂಗಳಿಗೆ ಇಪ್ಪತ್ತು ದಿನ ಹಳ್ಳಿಗಳ ಮೇಲೆ ಇರುತ್ತಿದ್ದರು. ಆದ್ದರಿಂದ ನನ್ನ ನಿಜವಾದ ಶಿಷ್ಯೆ ದೊರೆಸಾನಿಯವರು. ಎತ್ತರದ, ತೆಳ್ಳನೆಯ, ಸದಾ ಕೈಯಲ್ಲಿ ಪೆನ್ಸಿಲು ಹಿಡಿದ ಹೆಂಗಸು. ನಾನು ಸಂಧಿಪ್ರಕರಣದಿಂದ ಆರಂಭಿಸುವುದೆಂದು ಪಾಠಗಳ ಕ್ರಮವನ್ನು ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಗೌರವದಿಂದ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಹರಿಯುತ್ತಿದ್ದ ಸಾಲನ್ನು ತೋರಿಸಿ, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇರುವೆ ಎಂದೆ. ಹೀಗೆ ಆ ಮನೆಯಲ್ಲಿ ಕನ್ನಡದ ಮೊದಲ ವಾಕ್ಯ 'ಇರುವೆ ಬಂದಿದೆ' ಎಂಬುದಾಯಿತು. ಎರಡನೆಯದು 'ಮತ್ತೆ ಬಂದಿದೆ.'

ನಾನು ಅದುವರೆಗೆ ಮನೆಯೆಂದರೆ ತಾನಾಗಿ ನಡೆಯುವ ವಸ್ತುವೆಂದು ತಿಳಿದಿದ್ದೆ. ನಮ್ಮ ತಾಯಿ ಏಳುವುದೂ ಮಲಗುವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲವಾದ್ದರಿಂದ ಆ ಭ್ರಮೆ ಸಹಜ. ಆದರೆ ಬಂಗಲೆಯಲ್ಲಿ ಮನೆವಾರ್ತೆಯೆಂಬುದು ದಿನವೂ ಹೊಸದಾಗಿ ಹೂಡಬೇಕಾದ ಯುದ್ಧ. ಶತ್ರುಗಳ ಪಟ್ಟಿ ಉಗ್ರಾಣದ ಬಾಗಿಲಿಗೆ ಅಂಟಿಸಿತ್ತು: ಇರುವೆ, ಗೆದ್ದಲು, ಬೂಷ್ಟು, ಸೊಳ್ಳೆ, ಹಾಲಿಗೆ ಬೆರೆಸಿದ ಕೆರೆಯ ನೀರು. ತಿನಿಸಿನ ಬೀರುವಿನ ನಾಲ್ಕು ಕಾಲುಗಳೂ ನಾಲ್ಕು ಕಲ್ಲಿನ ಬಟ್ಟಲುಗಳಲ್ಲಿ ನಿಂತಿದ್ದವು. ಬಟ್ಟಲಿಗೆ ನೀರು, ನೀರಿಗೆ ಒಂದು ತೊಟ್ಟು ಸೀಮೆಎಣ್ಣೆ. ಒಂದು ಹೊತ್ತು ತುಂಬುವುದು ಮರೆತರೆ ಇರುವೆಗಳಿಗೆ ಅದು ಹೇಗೋ ತಿಳಿಯುತ್ತಿತ್ತು. ಕುಡಿಯುವ ನೀರು ಕುದಿದು, ಆರಿ, ಮರಳು ಇದ್ದಿಲುಗಳ ಮೂರು ಮಡಕೆಗಳಲ್ಲಿ ಇಳಿದು, ಬಟ್ಟೆಯಲ್ಲಿ ಸೋಸಿಕೊಂಡು ಲೋಟಕ್ಕೆ ಬರುವಷ್ಟರಲ್ಲಿ ಬಾಯಾರಿಕೆ ತಾನಾಗಿ ಹಿಂಗಿರುತ್ತಿತ್ತು. ಪುಸ್ತಕಗಳಿಗೆ ಬುಧವಾರ ಬಿಸಿಲು, ಹಾಸಿಗೆಗಳಿಗೆ ಶನಿವಾರ ಬಿಸಿಲು, ದೊರೆಗಳ ಟೊಪ್ಪಿಗೆಗೆ ದಿನವೂ ಬಿಸಿಲು, ಆದರೆ ದೊರೆಗಳಿಗೆ ಮಾತ್ರ ಬಿಸಿಲು ಕೂಡದು. ಹಾಲಿನವನು ಹಸುವನ್ನೇ ವರಾಂಡಕ್ಕೆ ಹೊಡೆದು ತಂದು, ಚೊಂಬನ್ನು ಬೋರಲು ಹಾಕಿ ತೋರಿಸಿ, ದೊರೆಸಾನಿಯವರು ತಲೆಯಾಡಿಸಿದ ಮೇಲೆಯೇ ಕರೆಯಬೇಕು. ಅವನು ಅಂಗಿಯ ತೋಳಿನ ಒಳಗೆ ನೀರಿನ ಬುಡ್ಡಿ ಕಟ್ಟಿಕೊಂಡಿದ್ದುದು ಪತ್ತೆಯಾದದ್ದು ಆರನೆಯ ತಿಂಗಳಲ್ಲಿ. ದೊರೆಸಾನಿಯವರು ಬೈಯಲಿಲ್ಲ. ಮರುದಿನದಿಂದ ಅವನು ಅಂಗಿ ಬಿಚ್ಚಿ ಕರೆಯತಕ್ಕದ್ದೆಂದು ಪಟ್ಟಿಯಲ್ಲಿ ಇನ್ನೊಂದು ಸಾಲು ಬರೆದರು.

ಇವೆಲ್ಲದರ ನಡುವೆ ದಿನವೂ ತಪ್ಪದೆ ನಡೆಯುತ್ತಿದ್ದ ಒಂದೇ ಒಂದು ಪವಾಡವೆಂದರೆ ಬ್ರೆಡ್ಡು. ಅದನ್ನು ಮಾಡುತ್ತಿದ್ದವನು ಚೌರಪ್ಪ. ಶೆಟ್ಟಿಹಳ್ಳಿಯ ಇಗರ್ಜಿಯ ಆಸುಪಾಸಿನಲ್ಲಿ ಬೆಳೆದ ಈ ಕುಳ್ಳನೆಯ ಅಡಿಗೆಯವನಿಗೆ ಮೂವರು ದೊರೆಸಾನಿಯರನ್ನು ಸಾಕಿದ ಅನುಭವವಿತ್ತು. ಹಿತ್ತಿಲಿನ ಮಣ್ಣಿನ ಗೂಡಿನಿಂದ ಆತ ಈ ಅಚ್ಚನ್ನು ಹೊರಗೆಳೆದು ಬೋರಲು ಹಾಕಿದರೆ, ಕೆಂಪಗೆ ಉಬ್ಬಿದ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ಬ್ರೆಡ್ಡು ಹಲಗೆಯ ಮೇಲೆ ಉಸಿರಾಡುತ್ತ ಕೂರುತ್ತಿತ್ತು.

ನಾನು ಅದನ್ನು ಹಸಿವಿಗಾಗಿ ತಿಂದವನಲ್ಲ, ತತ್ತ್ವಕ್ಕಾಗಿ ತಿಂದವನು. ಬಂಗಲೆಯಲ್ಲಿ ನೀರನ್ನೂ ಮುಟ್ಟಕೂಡದೆಂದು ಅಮ್ಮ ಹೇಳಿ ಕಳುಹಿಸಿದ್ದಳು. ಮನುಷ್ಯ ಮನುಷ್ಯನ ಮನೆಯಲ್ಲಿ ಉಣ್ಣಲಾರದ ಸಮಾಜ ಉದ್ಧಾರವಾಗದೆಂದು ಅವಳಿಗೆ ಒಂದು ಗಂಟೆ ನಿರೂಪಿಸಿ ಬಂದಿದ್ದ ನಾನು, ಮೊದಲ ದಿನವೇ ಬೀದಿಗೆ ಕಾಣುವಂತೆ ವರಾಂಡದಲ್ಲಿ ಕುಳಿತು ಎರಡು ಚೂರು ಬ್ರೆಡ್ಡನ್ನು ಸೀಬೆಹಣ್ಣಿನ ಜ್ಯಾಮು ಬಳಿದು ತಿಂದೆ. ದಾರಿಯಲ್ಲಿ ಹೋಗುವವರು ಯಾರೂ ನೋಡದೆ ಇದ್ದಾಗ ಇನ್ನೊಂದು ಚೂರು ತಿಂದೆ. ಅಂದಿನಿಂದ ಒಂಬತ್ತು ತಿಂಗಳು, ಬೆಳಗ್ಗೆ ಎರಡು, ಸಂಜೆ ಎರಡು, ಈ ಲೆಕ್ಕದಲ್ಲಿ ನಾನು ಸಮಾನತೆಯನ್ನು ಸಾಧಿಸಿದೆ.

ಈಗ ಮದ್ಯಪಾನದ ವಿಷಯಕ್ಕೆ ಬರೋಣ. ಆ ಹಳ್ಳಿಯ ಈಚಲು ಮರಗಳು ನನ್ನ ನಿದ್ದೆ ಕೆಡಿಸಿದ್ದವು. ನಾನೂ ದೊರೆಸಾನಿಯವರೂ ಸೇರಿ ಒಂದು ಪಾನತ್ಯಾಗ ಸಂಘವನ್ನು ಸ್ಥಾಪಿಸಿದೆವು. ಅವರು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಕೆಂಪು ರಟ್ಟಿನ ಒಂದು ಪ್ರತಿಜ್ಞಾ ಪುಸ್ತಕ ಹಾಸನದಿಂದ ಬಂತು. ಮೊದಲ ಸಹಿ ನನ್ನದು, ಎರಡನೆಯದು ಅವರದು, ಮೂರನೆಯದು ದೊರೆಗಳದು. ನಾಲ್ಕನೆಯ ಸಾಲು ಐದು ತಿಂಗಳು ಖಾಲಿಯಾಗಿಯೇ ಉಳಿಯಿತು. ಹಳ್ಳಿಯವರದು ಒಂದೇ ಮಾತು: ರಂಗೇಗೌಡರು ಹಾಕಲಿ, ಆಮೇಲೆ ನಾವು.

ರಂಗೇಗೌಡರು ಕೆರೆಯ ಹಿಂದಿನ ಗದ್ದೆಗಳ ಒಡೆಯರು, ದೊಡ್ಡ ಹೊಟ್ಟೆಯ, ದೊಡ್ಡ ಮನಸ್ಸಿನ, ದೊಡ್ಡ ಗಂಟಲಿನ ಮನುಷ್ಯ. ಕುಡಿದರೆ ಯಾರನ್ನೂ ಹೊಡೆಯುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಂಡದಂಗಡಿಯ ಮುಂದೆ ಕುಳಿತರೆಂದರೆ ಊರೆಲ್ಲ ಉಂಡಾದ ಮೇಲೆ ಎದ್ದು, ಮನೆಗೆ ಬಂದು, ಕೊಟ್ಟಿಗೆಯ ಬಾನಿಯಲ್ಲಿ ಕುಳಿತು ತಮ್ಮ ಬಿಳಿ ಎತ್ತಿಗೆ ರಾಜ್ಯದ ಆಡಳಿತವನ್ನು ಕುರಿತು ಬುದ್ಧಿ ಹೇಳುತ್ತಿದ್ದರು. ಅವರ ಹೆಂಡತಿ ನಂಜಮ್ಮ ಒಂದು ದಿನ, ಬಿಡುವಿನಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಬಂಗಲೆಯ ಶಾಲೆಯ ಕಂಬ ಹಿಡಿದು ನಿಂತು ನನ್ನೊಡನೆ ಮಾತನಾಡಿದರು. ಮದುವೆಯಾಗಿ ಹದಿನೆಂಟು ವರ್ಷವಾಯಿತಂತೆ. ದಿನವೂ ಸಂಜೆ ಮುದ್ದೆ ತಿರುವುತ್ತಾರೆ, ದಿನವೂ ಅದು ತಣ್ಣಗಾಗಿ ಕಲ್ಲಾಗುತ್ತದೆ. ಒಂದು ದಿನವಾದರೂ ಗಂಡ ಎದುರಿಗೆ ಕುಳಿತು ಬಿಸಿ ಮುದ್ದೆ ಮುರಿದದ್ದನ್ನು ಅವರು ಕಂಡಿಲ್ಲ.

"ಬಂಗಾರ ಕೇಳಿಲ್ಲ ಕಣಪ್ಪಾ ನಾನು. ಬಿಸೀ ಮುದ್ದೆ ತಿನ್ನಲಿ ಅಂತೀನಿ, ಅಷ್ಟೇಯ," ಎಂದರು.

ನನ್ನ ಹನ್ನೊಂದು ಅಂಶಗಳ ಭಾಷಣದಲ್ಲಿ ಈ ಅಂಶವಿರಲಿಲ್ಲ. ಕೂಡಲೇ ಹನ್ನೆರಡನೆಯದಾಗಿ ಸೇರಿಸಿಕೊಂಡು ಗೌಡರ ಜಗುಲಿಗೆ ಹೋದೆ. ಆ ದಿನ ನನ್ನ ಚೀಲದಲ್ಲಿ ಒಂದು ಇಡೀ ಬ್ರೆಡ್ಡಿತ್ತು. ಮಾತಿನ ಉತ್ತುಂಗದಲ್ಲಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಹೆಂಡ ಹೊಸ್ತಿಲು ದಾಟದ ಮನೆಯಲ್ಲಿ ಧಾನ್ಯವು ಹೇಗೆ ಅರಳುತ್ತದೆ ನೋಡಿರಿ, ಈ ಮೃದುತ್ವ, ಈ ಉಬ್ಬು, ಇದು ಸಂಯಮದ ಫಲ, ಎಂದೆ. ಜಗುಲಿಯ ಕೆಳಗೆ ಕುಳಿತಿದ್ದ ಹತ್ತಾರು ಮಂದಿ ತಲೆ ತಗ್ಗಿಸಿ ನೆಲ ಕೆರೆಯತೊಡಗಿದರು. ಈಚಲು ಕಟ್ಟುವವರ ಮನೆಯ ಮುದುಕಿ ಕೆಂಪಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಮಾತು ನಾಟಿತೆಂದು ನಾನು ತಿಳಿದೆ. ಗೌಡರು ಬಹಳ ಹೊತ್ತು ಕೆಮ್ಮಿ, ಕಣ್ಣೊರೆಸಿಕೊಂಡು, ಒಂದು ಷರತ್ತು ಹೇಳಿದರು.

"ನೋಡಿ ಮೇಷ್ಟ್ರೆ. ಬರೋ ಸ್ವಾಮಾರ ಬಸವಣ್ಣನ ಗುಡಿ ಮುಂದೆ ಕರ್ಪೂರ ಅಚ್ಚಿ, ಎಂಡ ಅನ್ನೋದು ನನ್ ವಟ್ಟೆ ಒಳೀಕೆ ಓಗೇ ಇಲ್ಲ ಅಂತ ಪರಮಾಣ ಮಾಡಿ. ಆಗ ನಾನು ಎಬ್ಬೆಟ್ಟು ಒತ್ತೀನಿ. ಇಲ್ದಿದ್ರೆ ಬುಡಿ."

ಇದಕ್ಕಿಂತ ಸುಲಭವಾದ ಷರತ್ತು ಯಾವ ಚರ್ಚಾಕೂಟದಲ್ಲಿಯೂ ನನಗೆ ದೊರೆತಿರಲಿಲ್ಲ. ಅಲ್ಲಿಯೇ ಒಪ್ಪಿದೆ. ಒಳಗಿನಿಂದ ನಂಜಮ್ಮನವರು ಒಂದು ಲೋಟ ಮಜ್ಜಿಗೆ ಕಳುಹಿಸಿದರು. ಅದರಲ್ಲಿ ಕೊತ್ತಂಬರಿ ಸೊಪ್ಪು ಬಹಳ ಇತ್ತು, ಅದನ್ನು ನಾನು ಕೃತಜ್ಞತೆಯೆಂದು ಅರ್ಥಮಾಡಿಕೊಂಡೆ.

ಆ ವಾರ ಬುಧವಾರ ದೊರೆಸಾನಿಯವರಿಗೆ ದವಡೆಯ ಹಲ್ಲು ನೋವು ಹತ್ತಿ ಹಾಸನಕ್ಕೆ ಹೊರಟರು. ದೊರೆಗಳು ಹಳ್ಳಿಗಳ ಮೇಲಿದ್ದರು. ತಾವು ಹಿಂದಿರುಗುವ ಶನಿವಾರದವರೆಗೆ ಮನೆವಾರ್ತೆಯನ್ನು ನಾನು ನೋಡಿಕೊಳ್ಳಬೇಕೆಂದು ದೊರೆಸಾನಿಯವರು ಕೇಳಿ, ಕೈಗೆ ಇಪ್ಪತ್ತೇಳು ಕಲಮುಗಳ ಪಟ್ಟಿ ಕೊಟ್ಟರು. ದೇಶವನ್ನು ನಡೆಸಲು ಸಿದ್ಧನಾಗಿದ್ದವನಿಗೆ ಒಂದು ಮನೆ ಯಾವ ದೊಡ್ಡದು? ಮೊದಲ ದಿನ ಬಟ್ಟಲುಗಳಿಗೆ ಸೀಮೆಎಣ್ಣೆಯನ್ನೇ ತುಂಬಿ ಮೇಲೊಂದು ತೊಟ್ಟು ನೀರು ಹಾಕಿದೆ. ಪುಸ್ತಕಗಳನ್ನು ಬಿಸಿಲಿಗಿಟ್ಟು, ಅವುಗಳಲ್ಲಿ ಒಂದನ್ನು ಓದುತ್ತ ಕುಳಿತು ಉಳಿದವನ್ನು ಇಬ್ಬನಿಗೆ ಬಿಟ್ಟೆ. ಇವು ಸಣ್ಣ ವಿಷಯಗಳು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ, ನೀರು ಕುದಿಸಿದ್ದಾರೆಯೇ ಎಂದು ನೋಡಲು ಅಡಿಗೆಮನೆಯ ಹಿಂಬಾಗಿಲಿಗೆ ಹೋದೆ. ಕೆಂಪಮ್ಮ ನಿಂತಿದ್ದಳು. ಕೈಯಲ್ಲಿ ಬಾಳೆಯೆಲೆ ಬಿಗಿದ ಒಂದು ಕಂಚಿನ ತಂಬಿಗೆ. ಇಂಥದೊಂದು ತಂಬಿಗೆ ಬರುವುದನ್ನು ನಾನು ದೂರದಿಂದ ಎಷ್ಟೋ ಸಲ ಕಂಡಿದ್ದೆ. ಮಜ್ಜಿಗೆಯೆಂದು ತಿಳಿದಿದ್ದೆ. ಆ ದಿನ ಹತ್ತಿರದಲ್ಲಿದ್ದೆ. ಎಲೆಯ ಸಂದಿಯಿಂದ ಬಂದ ವಾಸನೆ ಮಜ್ಜಿಗೆಯದಲ್ಲ. ಬಿಚ್ಚಿ ನೋಡಿದರೆ ನೊರೆ, ನೊರೆಯ ಕೆಳಗೆ ಶುದ್ಧವಾದ ಈಚಲು ಹೆಂಡ.

ನನಗೆ ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ಪಾನತ್ಯಾಗ ಸಂಘದ ಅಧ್ಯಕ್ಷೆಯ ಅಡಿಗೆಮನೆಯಲ್ಲಿ, ಅವರ ಬೆನ್ನ ಹಿಂದೆ, ಚೌರಪ್ಪ ದಿನವೂ ಕುಡಿಯುತ್ತಿದ್ದಾನೆ. ತಂಬಿಗೆಯನ್ನು ಕಿತ್ತುಕೊಂಡು ಹಿತ್ತಿಲಿನ ಪರಂಗಿ ಗಿಡದ ಬುಡಕ್ಕೆ ಸುರಿದೆ. ಚೌರಪ್ಪ ಬಾಯಿ ತೆರೆದಾಗಲೆಲ್ಲ, ಚರ್ಚಾಕೂಟದಲ್ಲಿ ಎದುರಾಳಿಯನ್ನು ತಡೆಯುವ ರೀತಿಯಲ್ಲಿ, ಬಲಗೈ ಎತ್ತಿ ತಡೆದೆ. ಇನ್ನೊಂದು ಸಲ ಕಂಡುಬಂದರೆ ದೊರೆಸಾನಿಯವರಿಗೆ ಹೇಳಿ ಕೆಲಸದಿಂದ ಬಿಡಿಸುವೆನೆಂದೆ. ಮನುಷ್ಯನ ಪತನ, ಪಶ್ಚಾತ್ತಾಪ, ಪುನರುತ್ಥಾನಗಳ ವಿಷಯವಾಗಿ ಅರ್ಧ ಗಂಟೆ ಮಾತನಾಡಿದೆ. ಚೌರಪ್ಪ ಕಡೆಗೆ ಬಾಯಿ ಮುಚ್ಚಿಕೊಂಡು ಹಿಟ್ಟು ಜರಡಿ ಹಿಡಿಯತೊಡಗಿದ. ಕೆಂಪಮ್ಮ ಬರಿದಾದ ತಂಬಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು, "ಸುರೀರಿ, ಸುರೀರಿ. ಇನ್ನೆರಡು ದಿನಕ್ಕೆ ನೀವೇ ಕರೀತೀರಿ ನನ್ನ," ಎಂದು ಹೊರಟಳು. ಹೆಂಡ ಮಾರುವವರ ಧಾರ್ಷ್ಟ್ಯಕ್ಕೆ ಇದೊಂದು ಉದಾಹರಣೆಯೆಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ.

ಆ ದಿನದ ಬ್ರೆಡ್ಡು ಉಬ್ಬಲಿಲ್ಲ. ಅಚ್ಚಿನ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಅಂಟಿಕೊಂಡು ಕುಳಿತಿತ್ತು. ಬಡಿದರೆ ಕಲ್ಲಿನ ಸದ್ದು. ಇದಕ್ಕೂ ನನ್ನಲ್ಲಿ ವಿವರಣೆ ಸಿದ್ಧವಾಗಿತ್ತು: ದಿನವೂ ಕುಡಿಯುತ್ತಿದ್ದವನಿಗೆ ಒಮ್ಮೆಲೇ ತಪ್ಪಿದೆ, ಕೈಯಲ್ಲಿ ಬಲವಿಲ್ಲ, ಹಿಟ್ಟನ್ನು ಸರಿಯಾಗಿ ನಾದಲಾಗಿಲ್ಲ. ಪಾಪ, ಎರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾನೆ. ಚೌರಪ್ಪನ ಹೆಗಲ ಮೇಲೆ ಕೈಯಿಟ್ಟು, ಧೈರ್ಯ ತಾಳಬೇಕೆಂದು ಹೇಳಿದೆ. ಅವನು ಆ ಕೈಯನ್ನೂ ನನ್ನ ಮುಖವನ್ನೂ ನೋಡಿ ಒಳಗೆ ಹೋದ. ಶುಕ್ರವಾರದ ಬ್ರೆಡ್ಡು ಇನ್ನೂ ಗಟ್ಟಿ. ಅದರ ಮೇಲೆ ಚೌರಪ್ಪ ಚಾಕು ಮಸೆಯುತ್ತಿದ್ದುದನ್ನು ನಾನು ಕಂಡೆ. ಆದರೂ ಎರಡನ್ನೂ ಜ್ಯಾಮಿನಲ್ಲಿ ನೆನೆಸಿ ತಿಂದೆ. ಪತಿತನೊಬ್ಬನು ಮೇಲೇಳುವ ಹೊತ್ತಿನಲ್ಲಿ ಅವನ ಅಡಿಗೆಯನ್ನು ನಿರಾಕರಿಸುವುದು ಸುಧಾರಕನಿಗೆ ತಕ್ಕುದಲ್ಲ.

ಶನಿವಾರ ಸಂಜೆ ದೊರೆಸಾನಿಯವರು ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಬಂದರು. ಟೀ ಜೊತೆಗೆ ಅಂದಿನ ಬ್ರೆಡ್ಡು ಬಂತು. ಅವರು ಚಾಕು ಇಟ್ಟು ಒತ್ತಿದರು, ಚಾಕು ಜಾರಿತು. ತಟ್ಟೆಯನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಪ್ರಯತ್ನಿಸಿದರು. ನಂತರ ಚೌರಪ್ಪನ ಕಡೆಗೆ ನೋಡಿದರು. ಮೂರು ದಿನದಿಂದ ಮೌನವ್ರತದಲ್ಲಿದ್ದ ಚೌರಪ್ಪ ಆಗ ಬಾಯಿ ಬಿಟ್ಟ.

"ಉಬ್ಬಿಸೋದನ್ನ ಮೇಷ್ಟ್ರು ಪರಂಗೀ ಗಿಡಕ್ಕೆ ಉಯ್ದ್‌ಬುಟ್ರು ಅಮ್ಮಾವ್ರೆ. ನಾನ್ ಏನೇಳಾಕೋದ್ರೂ ಕೈ ಎತ್ತಿ ಎತ್ತಿ ಸುಮ್ಕಿರಿಸಿದ್ರು. ಈಗ ಗಿಡ ನೋಡಿ ಬೇಕಾದ್ರೆ, ಸಂದಾಗಿ ಉಬ್ಬೈತೆ."

ಮೊದಲು ನನಗೆ ತಿಳಿಯಲಿಲ್ಲ. ತಿಳಿದ ಮೇಲೆ, ಕುಳಿತಿದ್ದವನು ಎದ್ದುನಿಂತೆ. ದೊರೆಸಾನಿಯವರು ನಾನು ಕಲಿಸಿದ ಶುದ್ಧವಾದ ಕನ್ನಡದಲ್ಲಿ, ಊದಿದ ಕೆನ್ನೆಯ ಬದಿಯಿಂದ, ಶಾಂತವಾಗಿ ಕೇಳಿದರು: "ಪಂಡಿತರೇ, ಒಂಬತ್ತು ತಿಂಗಳು ತಾವು ಏನೆಂದು ಭಾವಿಸಿದ್ದಿರಿ? ಬ್ರೆಡ್ಡು ಪ್ರಾರ್ಥನೆಯಿಂದ ಉಬ್ಬುತ್ತದೆ ಎಂದೋ?"

ಹೆಂಡದ ನೊರೆಯಿಂದ ಹಿಟ್ಟು ಹುದುಗುತ್ತದೆ, ಈ ಸೀಮೆಯಲ್ಲಿ ಬೇರೆ ಉಪಾಯವಿಲ್ಲ, ಹಿಂದಿನ ದೊರೆಸಾನಿಯರೆಲ್ಲರೂ ಹೀಗೆಯೇ ಮಾಡಿದವರು. ಆ ತಂಬಿಗೆ ತಮ್ಮ ಖರ್ಚಿನ ಪಟ್ಟಿಯಲ್ಲಿ ಉಪ್ಪು, ಸೋಪು, ಸೀಮೆಎಣ್ಣೆಗಳ ಸಾಲಿನಲ್ಲಿದೆ. ಅದು ಕುಡಿತದ ಸಾಲಿಗೆ ಸೇರಿದ್ದೆಂದು ತಮಗೆ ಎಂದೂ ತೋರಿರಲಿಲ್ಲ, ಎಂದರು. ಹೇಳುತ್ತ ಹೇಳುತ್ತ ಅವರ ಪೆನ್ಸಿಲು ನಿಂತಿತು. ಮೊಟ್ಟಮೊದಲ ಬಾರಿಗೆ ಅವರಿಗೆ ಅದು ಈಗ ತೋರುತ್ತಿತ್ತು.

ಸೋಮವಾರಕ್ಕೆ ಉಳಿದದ್ದು ಒಂದೇ ದಿನ. ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ನಾನು ನನ್ನೊಡನೆ ಚರ್ಚೆಗೆ ನಿಂತೆ. ಪ್ರಮಾಣ ಮಾಡಬಹುದೆಂಬ ಪಕ್ಷದಲ್ಲಿ ನಾನು ಅತ್ಯಂತ ಪ್ರಬಲವಾಗಿ ವಾದಿಸಿದೆ: ಶಾಖಕ್ಕೆ ಹೆಂಡದ ಸಾರವೆಲ್ಲ ಆವಿಯಾಗುತ್ತದೆ, ಆವಿಯಾದದ್ದು ಹೊಟ್ಟೆಗೆ ಹೋಗಲಾರದು, ಆದ್ದರಿಂದ ಹೆಂಡ ನನ್ನ ಹೊಟ್ಟೆಯೊಳಗೆ ಹೋಗಿಯೇ ಇಲ್ಲ. ಎದುರು ಪಕ್ಷದಲ್ಲಿ ನಿಂತಾಗ ನನಗೆ ಹೊಳೆದದ್ದು ಕೊತ್ತಂಬರಿ ಸೊಪ್ಪು ಹೆಚ್ಚಾಗಿ ಹಾಕಿದ ಒಂದು ಲೋಟ ಮಜ್ಜಿಗೆ ಮಾತ್ರ. ಪ್ರಮಾಣ ಮಾಡಿದರೆ ಆಕೆಗೆ ಬಿಸಿ ಮುದ್ದೆಯ ಸಂಜೆ ದೊರೆಯುತ್ತದೆ. ನಿಜ ಹೇಳಿದರೆ ಗೌಡರು ನಗುತ್ತ ಹೆಂಡದಂಗಡಿಗೆ ನಡೆಯುತ್ತಾರೆ. ಸುಳ್ಳಿನ ಪರವಾಗಿ ಇಷ್ಟು ಒಳ್ಳೆಯ ಕಾರಣ ನನಗೆ ಕಾಲೇಜಿನಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಚೌರಪ್ಪನಿಗೆ ಕ್ಷಮೆ ಕೇಳಲು ಅಡಿಗೆಮನೆಗೆ ಹೋದೆ. ಅವನು, "ಬುಡಿ ಸಾ, ಬೆಂದ್ ಮ್ಯಾಲೆ ಎಂಡ ಎಲ್ಲೈತೆ? ಅಂಜ್ದೆ ಪರಮಾಣ ಮಾಡಿ," ಎಂದು ಧೈರ್ಯ ಹೇಳಿ, ಹೆಗಲ ಮೇಲೆ ಕೈಯಿಟ್ಟ. ಗುರುವಾರ ನಾನು ಇಟ್ಟಿದ್ದೆನಲ್ಲ, ಅದೇ ರೀತಿ, ಅಷ್ಟೇ ಭಾರವಾಗಿ.

ಸೋಮವಾರ ಬಸವಣ್ಣನ ಗುಡಿಯ ಮುಂದೆ ಇಡೀ ಊರು ನೆರೆದಿತ್ತು. ದೊರೆಸಾನಿಯವರು ಕೆಂಪು ಪುಸ್ತಕವನ್ನು ಎದೆಗವಚಿಕೊಂಡು ಸ್ವಲ್ಪ ದೂರದಲ್ಲಿ ನಿಂತಿದ್ದರು. ಗೌಡರು ಹೆಬ್ಬೆರಳಿಗೆ ಮಸಿ ಬಳಿದುಕೊಂಡೇ ಬಂದಿದ್ದರು. ಸಹಿ ಮಾಡಲು ಬರುತ್ತಿದ್ದರೂ, ಸಹಿಯನ್ನು ಯಾರಾದರೂ ತಮ್ಮದಲ್ಲವೆನ್ನಬಹುದು, ಹೆಬ್ಬೆಟ್ಟನ್ನು ಹಾಗೆನ್ನಲಾಗದು, ಎಂಬುದು ಅವರ ವಾದ. ಕರ್ಪೂರ ತಂದವರು ನಂಜಮ್ಮ. ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು. ಅವರು ಹೊಸ ಸೀರೆ ಉಟ್ಟಿದ್ದರು. ಮನೆಯಲ್ಲಿ ಮುದ್ದೆಗೆ ಎಸರು ಇಟ್ಟು ಬಂದಿರುವೆನೆಂದು ಮೆಲ್ಲನೆ ಹೇಳಿದರು.

ಕರ್ಪೂರ ಉರಿಯಿತು. ಆವಿಯ ವಾದ ನನ್ನ ಗಂಟಲಿನವರೆಗೆ ಬಂದಿತ್ತು. ಎಸರು ಇಟ್ಟು ಬಂದ ಹೆಂಗಸಿನ ಮುಂದೆ ಅದನ್ನು ಹೇಳಲಾರದೆ ಹೋದೆ. ಹನ್ನೆರಡು ಅಂಶಗಳೂ ಮರೆತುಹೋದವು. ನನ್ನ ಜೀವನದ ಅತ್ಯಂತ ಚಿಕ್ಕ ಭಾಷಣವನ್ನು ಮಾಡಿದೆ: ಬಂಗಲೆಯ ಬ್ರೆಡ್ಡು ಹೆಂಡದಿಂದ ಉಬ್ಬುತ್ತದೆ, ಅದನ್ನು ನಾನು ಒಂಬತ್ತು ತಿಂಗಳು ದಿನಕ್ಕೆ ನಾಲ್ಕು ಚೂರಿನಂತೆ ತಿಂದಿದ್ದೇನೆ, ತಿಳಿಯದೆ ತಿಂದೆ, ಆದರೂ ತಿಂದೆ, ಪ್ರಮಾಣ ಮಾಡಲಾರೆ.

ಯಾರೂ ಆಶ್ಚರ್ಯಪಡಲಿಲ್ಲ. ಊರು ನಗತೊಡಗಿತು. ಅವರಿಗೆಲ್ಲ ಅದು ಮೊದಲ ದಿನದಿಂದಲೂ ಗೊತ್ತಿತ್ತು. ಜಗುಲಿಯ ಮೇಲೆ ನಾನು ಬ್ರೆಡ್ಡನ್ನು ಎತ್ತಿ ಹಿಡಿದಾಗ ಗೌಡರಿಗೆ ಬಂದದ್ದು ಕೆಮ್ಮಲ್ಲ. ಆ ಷರತ್ತನ್ನು ಅವರು ಹಾಕಿದ್ದೂ ಅದಕ್ಕಾಗಿಯೇ. ಒಂದೋ ಮೇಷ್ಟ್ರು ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬೀಳುತ್ತಾನೆ, ಇಲ್ಲವೇ ಓಡಿಹೋಗುತ್ತಾನೆ. ಕೆಂಪಮ್ಮ ಕಣ್ಣೊರೆಸಿಕೊಂಡು, "ಗೊತ್ತಿದ್ದೇ ತಿಂತಾವ್ರೆ ಅಂದ್ಕಂಡಿದ್ದೆ ಕಣಪ್ಪಾ. ಎಷ್ಟು ಒಗಳಿ ಒಗಳಿ ತಿಂತಿದ್ರು," ಎಂದಳು.

ಗೌಡರೂ ನಕ್ಕರು. ನಕ್ಕು, ಮಸಿಯ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಳ್ಳಲು ಹೋದರು. ಆಗ ನಂಜಮ್ಮ ಕರ್ಪೂರದ ತಟ್ಟೆಯನ್ನು ನನ್ನ ಮುಂದಿನಿಂದ ತೆಗೆದು ಗಂಡನ ಮುಂದೆ ಹಿಡಿದರು.

"ಅವ್ರು ಇದ್ದದ್ದು ಇದ್ದಂಗೆ ಏಳ್ಬುಟ್ರು. ಇನ್ನು ನಿಮ್ದು. ಎಂಡ ಬೇಕಾ? ಮೇಷ್ಟ್ರು ತಿಂದಂಗೆ ತಿನ್ನಿ. ಬೇಸ್ಕೊಂಡು, ಕುಯ್ಕೊಂಡು, ಅಗ್ದು ನುಂಗಿ. ಕುಡಿಯೋದೊಂದು ಬುಟ್ಬುಡಿ."

ಇಂಥ ತಿದ್ದುಪಡಿಯನ್ನು ನಾನು ಯಾವ ಸಭೆಯಲ್ಲಿಯೂ ಕೇಳಿರಲಿಲ್ಲ. ಊರಿನ ನಗು ಈಗ ಗೌಡರ ಕಡೆಗೆ ತಿರುಗಿ ಕಾಯುತ್ತಿತ್ತು. ಅವರು ಎತ್ತಿನಂತೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನೋಡಿದರು. ಮೇಷ್ಟ್ರು ತಿನ್ನುವುದನ್ನು ನಾನು ತಿನ್ನಲಾರೆನೇ ಎಂದು ಗೊಣಗಿ, ದೊರೆಸಾನಿಯವರ ಕೈಯಿಂದ ಪುಸ್ತಕ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದರು. ದೊರೆಸಾನಿಯವರು ಪುಸ್ತಕವನ್ನು ಹಿಂದಕ್ಕೆ ಪಡೆದು, ಪೆನ್ಸಿಲನ್ನು ಬಿಟ್ಟು ಮಸಿಯ ಲೇಖನಿ ತೆಗೆದು, ಮೇಲಿದ್ದ ಮೂರು ಹೆಸರುಗಳನ್ನೂ ಒಂದೊಂದಾಗಿ ಹೊಡೆದುಹಾಕಿದರು. ಮೊದಲು ನನ್ನದು, ಆಮೇಲೆ ತಮ್ಮದು, ಕಡೆಗೆ ಊರಿನಲ್ಲಿಯೇ ಇಲ್ಲದ ದೊರೆಗಳದು.

ಮರುದಿನ ಮುಸ್ಸಂಜೆಗೆ, ಹೆಂಡದಂಗಡಿಗೆ ಹೋಗುವ ಹೊತ್ತಿಗೆ ಸರಿಯಾಗಿ, ಗೌಡರು ಬಂಗಲೆಯ ಹಿಂಬಾಗಿಲಿಗೆ ಬಂದು ಕುಳಿತರು. ಬೆಳಗ್ಗೆ ಕೆಂಪಮ್ಮನನ್ನು ನಾನೇ ಹೋಗಿ ಕರೆದುಬಂದಿದ್ದೆ. ಚೌರಪ್ಪ ದಪ್ಪನೆಯ ಎರಡು ಚೂರು ಕೊಟ್ಟ. ಗೌಡರು ನಿಧಾನವಾಗಿ ಅಗಿದು ನುಂಗಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಏರಲೆಂದು ಕಾದರು. ಬಹಳ ಹೊತ್ತು ಕಾದರು.

"ಏನೂ ಏರ್ತಿಲ್ವಲ್ಲಾ ಚೌರಪ್ಪ."

"ಇನ್ನೆರಡು ತಿನ್ನಿ ಗೌಡ್ರೆ."

ಇನ್ನೆರಡು ತಿಂದರು. ಏರಲಿಲ್ಲ, ಹೊಟ್ಟೆ ಮಾತ್ರ ಭಾರವಾಯಿತು. ಬೇಸರ ಕಳೆಯಲು ಬೀರುವಿನ ಕೆಳಗೆ ಬಗ್ಗಿ ನೋಡಿ, ಬಟ್ಟಲಿನಲ್ಲಿ ನೀರಿಲ್ಲವೆಂದು ಚೌರಪ್ಪನನ್ನು ಗದರಿಸಿ, ತಾವೇ ತುಂಬಿದರು. ದೀಪ ಹಚ್ಚಿದೊಡನೆ, ಇನ್ನು ಮಾಡುವುದಕ್ಕೇನೂ ಇಲ್ಲವಾದ್ದರಿಂದ, ಮನೆಗೆ ಹೋದರು. ಎದುರಿಗೆ ಮುದ್ದೆ ಆವಿಯಾಡುತ್ತಿತ್ತಂತೆ. ಹದಿನೆಂಟು ವರ್ಷದ ಅಭ್ಯಾಸದಲ್ಲಿ ತಣ್ಣನೆಯದೆಂದೇ ಕೈ ಹಾಕಿ ಬೆರಳು ಸುಟ್ಟುಕೊಂಡರಂತೆ. ಬುಧವಾರ ಬೆಳಗ್ಗೆ ನಂಜಮ್ಮನವರು ಶಾಲೆಯ ಮುಂದೆ ಹಾದುಹೋಗುವಾಗ ಇದನ್ನು ನನಗೆ ಹೇಳಿದರು. ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಗುತ್ತಿದ್ದರೆಂದು ತಿಳಿದೆ. ಪೂರ್ತಿ ನಗುವೂ ಆಗಿರಲಿಲ್ಲ.

ಹೀಗೆ ದಿನವೂ ಬ್ರೆಡ್ಡು, ದಿನವೂ ಬಟ್ಟಲು, ದಿನವೂ ಬಿಸಿ ಮುದ್ದೆ.

ಸಂಘಕ್ಕೆ ಒಂದು ನಿಬಂಧನೆಯಾಗಬೇಕಿತ್ತು. ಬೆಂಕಿಯಲ್ಲಿ ಬೆಂದ ಹೆಂಡವನ್ನು ಹೆಂಡವೆಂದು ಎಣಿಸತಕ್ಕದ್ದಲ್ಲ ಎಂಬ ಸೂಚನೆಯನ್ನು ರಂಗೇಗೌಡರು ಮಂಡಿಸಿದರು, ನಂಜಮ್ಮನವರು ಅನುಮೋದಿಸಿದರು. ನಾನು ತತ್ತ್ವಕ್ಕೆ ಬದ್ಧನಾಗಿ ವಿರೋಧಿಸಿದೆ. ಹೆಂಡ ಹೆಂಡವೇ, ಬೆಂದರೂ ಹೆಂಡವೇ, ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಇಷ್ಟು ಸೊಗಸಾಗಿ ನಾನು ಹಿಂದೆಂದೂ ಮಾತನಾಡಿರಲಿಲ್ಲ. ಕೈ ಎತ್ತಿಸಿದಾಗ ಊರಿಗೆ ಊರೇ ಬ್ರೆಡ್ಡಿನ ಪರವಾಗಿ ಕೈ ಎತ್ತಿತು. ಚೌರಪ್ಪ ಸೌಟು ಎತ್ತಿದ. ಸದಸ್ಯಳೇ ಅಲ್ಲದ ಕೆಂಪಮ್ಮ ಎರಡೂ ಕೈ ಎತ್ತಿದಳು. ವಿರೋಧವಾಗಿ ಎದ್ದದ್ದು ನನ್ನದೊಂದೇ ಕೈ, ಅದರಲ್ಲಿ ಆಗತಾನೇ ಜ್ಯಾಮು ಬಳಿದ ಒಂದು ಚೂರು ಇತ್ತು.

ಯುದ್ಧದ ನಡುವೆ ದೊರೆಸಾನಿಯವರು ಹೊರಟುಹೋಗುವಾಗ ಈ ಅಚ್ಚನ್ನು ನನಗೂ ಕಲ್ಲಿನ ಬಟ್ಟಲುಗಳನ್ನು ರಂಗೇಗೌಡರಿಗೂ ಕೊಟ್ಟರು. ಕೆಂಪು ಪುಸ್ತಕ ಗೌಡರ ಮನೆಯಲ್ಲಿಯೇ ಉಳಿಯಿತು. ಯಾರು ಬಂದರೂ ಅವರು ಅದರ ಮೊದಲ ಪುಟವನ್ನು ತೆರೆದು ತೋರಿಸುತ್ತಿದ್ದರೆಂದು ಕೇಳಿದ್ದೇನೆ. ಮೇಲೆ ಹೊಡೆದುಹಾಕಿದ ಮೂರು ಹೆಸರು. ಅವುಗಳ ಕೆಳಗೆ ಗೌಡರ ಅಗಲವಾದ ಹೆಬ್ಬೆಟ್ಟು. ಅದರ ಕೆಳಗೆ, ಆ ನಿಬಂಧನೆಯಾದ ಮೇಲೆ ಹೊಸದಾಗಿ ಸೇರಿದ ಸದಸ್ಯನೆಂದು, ನನ್ನ ಸಹಿ. ಆ ಸಂಘವನ್ನು ಸ್ಥಾಪಿಸಿದವನು ನಾನೇ ಆದರೂ, ಪಾನತ್ಯಾಗದಲ್ಲಿ ರಂಗೇಗೌಡರಿಗಿಂತ ಒಂದು ಹೆಬ್ಬೆಟ್ಟಿನಷ್ಟು ಕಿರಿಯವನು.